ರಾತ್ರಿಗೆ ಜನವೋ, ಹಗಲಿಗೆ ಜನವೋ: ಮರೆವಿನ ಕಾಯಿಲೆಯ ಮನೆಯಲ್ಲಿ ನೋಡಿಕೊಳ್ಳುವವರಿಗೆ ಯಾವ ಸಹಾಯ ಮೊದಲು?

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಮಾತ್ರೆಗೆ ಎರಡು ಡಬ್ಬಿಗಳಿವೆ. ಒಂದು ಅಪ್ಪನದು. ಏಳು ದಿನಕ್ಕೆ ಏಳು ಗೂಡು, ಪ್ರತಿ ಗೂಡಿನ ಮೇಲೂ ಆಯಿಯ, ಅಂದರೆ ಅಮ್ಮನ, ಅಕ್ಷರದಲ್ಲಿ ವಾರದ ಹೆಸರು. ಅದರಲ್ಲಿ ಒಂದು ಹೊತ್ತೂ ತಪ್ಪಿದ್ದಿಲ್ಲ. ಇನ್ನೊಂದು ಆಯಿಯದು, ಹಳೇ ಬಿಸ್ಕೀಟಿನ ಡಬ್ಬಿ. ಎರಡು ವರ್ಷದ ಹಿಂದೆ ದೊಡ್ಡಹಬ್ಬಕ್ಕೆ ಹೋದಾಗ ಅದನ್ನು ಸುಮ್ನೆ ತೆರೆದು ನೋಡಿದೆ. ಬಿಪಿ ಮಾತ್ರೆಯ ಸ್ಟ್ರಿಪ್‌ನಲ್ಲಿ ಹತ್ತರಲ್ಲಿ ಎಂಟು ಹಾಗೇ ಇದ್ದವು. ಜೊತೆಗಿದ್ದ ಬಿಲ್ಲು ನೋಡಿದೆ. ತಂದು ಐದು ವಾರ ಆಗಿತ್ತು.

ಆಗ ಆಯಿಗೆ 74. ಅಪ್ಪನಿಗೆ 81, ಅಲ್ಝೈಮರ್ ಎಂದು ಗೊತ್ತಾಗಿ ನಾಲ್ಕು ವರ್ಷ. ಅಲ್ಲಿಯವರೆಗೆ ನಾವು ಮೂವರು ಮಕ್ಕಳೂ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ, 'ಅಪ್ಪ ಹ್ಯಾಂಗಿದ್ದ?' ಆಯಿಯದು ಕೇಳಿದರೆ 'ಆನು ಆರಾಮಿದ್ದಿ' ಎನ್ನುತ್ತಿದ್ದಳು. ನಾವು ನಂಬುತ್ತಿದ್ದೆವು.

ಇಂಥ ಮನೆಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಊರಿಗೆ ಎರಡೋ ಮೂರೋ ಇವೆ. ಮಕ್ಕಳು ಹೊರಗೆ, ಮನೆಯಲ್ಲಿ ಇಬ್ಬರೇ, ಒಬ್ಬರಿಗೆ ಮರೆವು, ಇನ್ನೊಬ್ಬರಿಗೆ ಅವರದೇ ಬಿಪಿ, ಸಕ್ಕರೆ, ಮೊಣಕಾಲು ನೋವು. ಸಹಾಯ ಮಾಡಬೇಕು ಎಂದು ಮಕ್ಕಳಿಗೆ ಅನಿಸುತ್ತದೆ. ಆದರೆ ಎಲ್ಲ ಥರದ ಸಹಾಯಕ್ಕೂ ಆಗುವಷ್ಟು ದುಡ್ಡು, ಜನ ಇರುವುದಿಲ್ಲ. ಯಾವುದು ಮೊದಲು ಎಂದು ಆರಿಸಲೇಬೇಕು. ನಾವು ಶಿರಸಿಯಲ್ಲಿ ಆಯಿಗಾಗಿ ಆರಿಸಿದೆವು, ಕಾರವಾರದಲ್ಲಿ ಸೋದರಮಾವನಿಗಾಗಿ ಆರಿಸಿದೆವು. ಅಲ್ಲಿ ಕಾಯಿಲೆ ಅತ್ತೆಗೆ, ನೋಡಿಕೊಳ್ಳುವವನು ಮಾವ. ಒಂದೆರಡು ಸಲ ತಪ್ಪು ಆರಿಸಿದೆವು.

ಈಗ ಯಾವ ಸಹಾಯ ನೋಡಿದರೂ ನಾನು ಮೊದಲು ಕೇಳುವುದು, ಇದರಿಂದ ಆಯಿಯ ಮೈಗೆ ಏನು ಸಿಗುತ್ತದೆ? ಎಷ್ಟು ತಾಸು ನಿದ್ದೆ? ತನ್ನ ಡಾಕ್ಟರ ಹತ್ತಿರ ಹೋಗಲು ಅರ್ಧ ದಿನವಾದರೂ ಸಿಗುತ್ತದಾ? ಅಪ್ಪನಿಗೆ ಏನು ಸಿಗುತ್ತದೆ ಎಂಬುದು ಆಮೇಲೆ. ಕೇಳಲು ಇದು ಕಠಿಣ ಅನಿಸಬಹುದು. ಆದರೆ ಅಪ್ಪನ ಇಡೀ ದಿನ ನಿಂತಿರುವುದು ಆಯಿಯ ಮೇಲೆ.

ಹೆದರಿಸಲಿಕ್ಕೆ ಹೇಳುತ್ತಿಲ್ಲ. 1999ರಲ್ಲಿ ಅಮೆರಿಕದ ಶುಲ್ಝ್ ಮತ್ತು ಬೀಚ್ ಎಂಬ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. 66ರಿಂದ 96 ವರ್ಷದ ದಂಪತಿಗಳ ಮನೆಗಳನ್ನು ನಾಲ್ಕು ವರ್ಷ ಗಮನಿಸಿದ್ದರು. ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುತ್ತ, ಅದು ಭಾರವಾಗಿದೆ ಅಂದವರಲ್ಲಿ ಸಾವಿನ ಅಪಾಯ ಶೇ 63ರಷ್ಟು ಜಾಸ್ತಿ ಇತ್ತು. ನೋಡಿಕೊಳ್ಳುತ್ತಿದ್ದರೂ ಭಾರ ಅನಿಸದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ನನಗೆ ಧೈರ್ಯ ಕೊಟ್ಟದ್ದು ಈ ಎರಡನೆಯ ಮಾತು. ಕಾಯಿಲೆ ಹೋಗಲಿಕ್ಕಿಲ್ಲ, ಭಾರ ಇಳಿಸಬಹುದು ಅಲ್ವಾ?

ಇನ್ನೊಂದು ಅಧ್ಯಯನ ಓದಿದಾಗ ಆಯಿಯ ಹೆಬ್ಬೆರಳು ನೆನಪಾಯಿತು. ಮೆಟ್ಟುಗತ್ತಿಯಲ್ಲಿ ಬಾಳೆಕಾಯಿ ಹೆಚ್ಚುವಾಗ ಅಪ್ಪ ಕೂಗಿದ, ಇವಳು ಆ ಕಡೆ ತಿರುಗಿದಳು, ಬೆರಳು ಕೊಯ್ದುಕೊಂಡಳು. ಚಿಕ್ಕ ಗಾಯ. ತಿಂಗಳು ದಾಟಿದರೂ ಬಟ್ಟೆ ಸುತ್ತಿಕೊಂಡೇ ಪಾತ್ರೆ ತೊಳೆಯುತ್ತಿದ್ದಳು. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ, ಮರೆವಿನ ಕಾಯಿಲೆಯ ನೆಂಟರನ್ನು ನೋಡಿಕೊಳ್ಳುವ 13 ಹೆಂಗಸರ ತೋಳಿನ ಮೇಲೆ ಸಣ್ಣ ಗಾಯ ಮಾಡಿ, ಮಾಯಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿದ್ದರು. ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಸರಾಸರಿ 9 ದಿನ ಜಾಸ್ತಿ ಹಿಡಿಯಿತು. ಆಯಿಗೆ ಸಕ್ಕರೆಯೂ ಇತ್ತು ಎಂದು ಆಮೇಲೆ ತಿಳಿಯಿತು, ಹಾಗಾಗಿ ಅವಳ ಬೆರಳಿಗೆ ಕಾರಣ ಇದೇ ಎನ್ನಲಾರೆ. ಆದರೆ ಆ ಬಟ್ಟೆ ಸುತ್ತಿದ ಬೆರಳನ್ನು ನಾವು ಮೂವರೂ ವಿಡಿಯೋ ಕಾಲಿನಲ್ಲಿ ನೋಡಿದ್ದೆವು. ಯಾರೂ ಎರಡನೇ ಸಲ ಕೇಳಲಿಲ್ಲ.

ರಾತ್ರಿಯೋ, ಹಗಲೋ

ಬಹಳ ಜನ ಮೊದಲು ಹಗಲಿಗೆ ಜನ ಇಡುತ್ತಾರೆ. ನಾವೂ ಅದನ್ನೇ ಮಾಡಿದೆವು. ಹಗಲಿನ ಕೆಲಸ ಕಣ್ಣಿಗೆ ಕಾಣುತ್ತದೆ. ಸ್ನಾನ, ಬಟ್ಟೆ, ಊಟ, ಒರೆಸುವುದು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಒಬ್ಬ ಹೆಂಗಸು ಬರತೊಡಗಿದಳು. ಒಳ್ಳೆಯವಳು. ಆದರೆ ಎರಡು ತಿಂಗಳಾದರೂ ಆಯಿಯ ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಹೆಂಗಸಿನ ಹಿಂದೆ ಮುಂದೆ ಓಡಾಡಿ ಹೇಳಿಕೊಡುವುದು, ಅವಳಿಗೆ ಚಾ ತಿಂಡಿ ಮಾಡುವುದು ಬೇರೆ.

ಒಂದು ಶನಿವಾರ ನಾನು ಹುಬ್ಬಳ್ಳಿಯಿಂದ ಹೋಗಿ ಅವರ ಕೋಣೆಯಲ್ಲೇ ಮಲಗಿದೆ. ದೀಪ ಆರಿಸುವ ಮುಂಚೆ ಆಯಿ ತನ್ನ ಸೀರೆಯ ಸೆರಗನ್ನು ಅಪ್ಪನ ಮುಂಗೈಗೆ ಒಂದು ಸಡಿಲ ಗಂಟು ಹಾಕಿ ಕಟ್ಟಿದಳು. 'ಎದ್ರೆ ನಂಗೆ ಎಚ್ಚರಾಗ್ತು' ಎಂದಳು, ಪಾತ್ರೆಗೆ ಮುಚ್ಚಳ ಹಾಕಿದಷ್ಟು ಸಹಜವಾಗಿ. ಅದಕ್ಕೂ ಹಿಂದಿನ ತಿಂಗಳು ಅಪ್ಪ ರಾತ್ರಿ ಎರಡು ಗಂಟೆಗೆ ತೋಟಕ್ಕೆ ನೀರು ಬಿಡುತ್ತೇನೆ ಎಂದು ಉಣಗೋಲು, ಅಂದರೆ ಬೇಲಿಯ ಗಳದ ಬಾಗಿಲು, ದಾಟಿ ಇಳಿದಿದ್ದನಂತೆ. ನಮಗೆ ಹೇಳಿರಲಿಲ್ಲ. ಆ ರಾತ್ರಿ ನಾನು ಎಣಿಸಿದೆ. ಆಯಿ ಆರು ಸಲ ಎದ್ದಳು. ಒಟ್ಟು ನಾಲ್ಕು ತಾಸು ಮಲಗಿದ್ದರೆ ಹೆಚ್ಚು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಬೆಳಿಗ್ಗೆ ತನ್ನ ಮಾತ್ರೆ ತಿಂದೆನಾ ಇಲ್ಲವಾ ಎಂದು ನೆನಪಿಡಲು ಆ ತಲೆಯಲ್ಲಿ ಜಾಗ ಎಲ್ಲಿರುತ್ತದೆ?

ಹಗಲಿನ ಪಗಾರವನ್ನು ರಾತ್ರಿಗೆ ತಿರುಗಿಸಿದೆವು. ಹಿಂದೆ ನಮ್ಮ ತೋಟದಲ್ಲಿ ಕೆಲಸ ಮಾಡಿದವನೊಬ್ಬ, ಅಪ್ಪನನ್ನು 30 ವರ್ಷದಿಂದ ಬಲ್ಲವನು, ವಾರಕ್ಕೆ ನಾಲ್ಕು ರಾತ್ರಿ ಒಂಬತ್ತಕ್ಕೆ ಬಂದು ಬೆಳಿಗ್ಗೆ ಐದೂವರೆಗೆ ಹೋಗುತ್ತಾನೆ. ಅಪ್ಪನ ಪಕ್ಕ ಅವನು ಮಲಗುತ್ತಾನೆ. ಆಯಿ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಮೊದಲ ವಾರ ಅವಳಿಗೆ ನಿದ್ದೆಯೇ ಬರಲಿಲ್ಲ, ಕಿವಿ ಆ ಕಡೆಗೇ ಇತ್ತು. ಮೂರನೇ ವಾರದ ಹೊತ್ತಿಗೆ ಬೆಳಗಿನ ಜಾವದವರೆಗೆ ಮಲಗತೊಡಗಿದಳು. ಮಾತ್ರೆ ತಾನಾಗಿ ತಿನ್ನತೊಡಗಿದಳು. ಎರಡು ತಿಂಗಳ ಮೇಲೆ ನೋಡಿಸಿದಾಗ ಬಿಪಿ ಇಳಿದಿತ್ತು. ಇಳಿದದ್ದು ಮಾತ್ರೆಯಿಂದ, ಮಾತ್ರೆ ನೆನಪಾದದ್ದು ನಿದ್ದೆಯಿಂದ.

ಹಾಗಾದರೆ ಎಲ್ಲರಿಗೂ ರಾತ್ರಿಯೇ ಮೊದಲಾ? ಅಲ್ಲ. ಕಾಯಿಲೆಯವರು ರಾತ್ರಿ ಸರಿಯಾಗಿ ಮಲಗುತ್ತಾರೆ, ಆದರೆ ಹಗಲು ಎತ್ತಿ ಕೂರಿಸಬೇಕು, ಶೌಚ ಸ್ನಾನ ಎಲ್ಲ ಮಾಡಿಸಬೇಕು ಎಂದಾದರೆ ಹಗಲಿನ ಜನವೇ ಬೇಕು. ನೋಡಿಕೊಳ್ಳುವವರಿಗೆ ಸೊಂಟ ನೋವು, ಹರ್ನಿಯಾ ಇದ್ದರೂ ಹಾಗೇ. ಗೊತ್ತಿಲ್ಲದಿದ್ದರೆ ಒಂದು ರಾತ್ರಿ ಅದೇ ಕೋಣೆಯಲ್ಲಿ ಮಲಗಿ ಎಣಿಸಿ. ಮೂರಕ್ಕಿಂತ ಹೆಚ್ಚು ಸಲ ಎದ್ದರೆ ರಾತ್ರಿ ಮೊದಲು. ಇದು ಡಾಕ್ಟರು ಹೇಳಿದ ಲೆಕ್ಕ ಅಲ್ಲ, ನನ್ನ ಲೆಕ್ಕ.

ರಾತ್ರಿಗೆ ಜನ ಇಡುವ ಮುಂಚೆ ಯಾಕೆ ಏಳುತ್ತಾರೆ ಎಂದೂ ನೋಡಬೇಕು. ಮೂತ್ರಕ್ಕೆ ಏಳುತ್ತಾರಾ, ನೋವಿಗಾ, ಮಲಬದ್ಧತೆಯಾ, ಮಧ್ಯಾಹ್ನ ಮೂರು ತಾಸು ಮಲಗಿದ್ದಕ್ಕಾ? ಸಂಜೆಯ ಚಾ ಬಿಟ್ಟದ್ದು, ಬಚ್ಚಲಿನ ದಾರಿಗೆ ಸಣ್ಣ ದೀಪ ಇಟ್ಟದ್ದು ನಮಗೆ ಒಂದೆರಡು ಎಚ್ಚರ ಕಡಿಮೆ ಮಾಡಿತು. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿಯಾದರೆ ಮೂತ್ರದ ಸೋಂಕು ಇರಬಹುದು, ತಡಮಾಡದೆ ತೋರಿಸಿ. ನಿದ್ದೆ ಮಾತ್ರೆಯನ್ನು ನಿಮ್ಮಷ್ಟಕ್ಕೆ ಕೊಡಬೇಡಿ. ನಮ್ಮ ಹಳೇ ಮನೆಗಳ ಹೊಸ್ತಿಲು, ಮೆಟ್ಟಿಲು, ಮಳೆಗಾಲದ ಪಾಚಿಯ ಅಂಗಳದಲ್ಲಿ ಮಂಪರಿನಲ್ಲಿರುವವರು ಬೀಳುತ್ತಾರೆ. ಹಿಡಿಯಲು ಹೋದವರೂ ಬೀಳುತ್ತಾರೆ.

ಏಜೆನ್ಸಿಯವರೋ, ಊರಿನವರೋ, ನೆಂಟರೋ

ಏಜೆನ್ಸಿಯಿಂದ ಬರುವ ಹೋಂ ನರ್ಸ್ 24 ತಾಸೂ ಮನೆಯಲ್ಲಿರುತ್ತಾರೆ. ಇದು ದೊಡ್ಡ ಲಾಭ. ಕೋಣೆ, ಊಟ ನಮ್ಮದು. 'ನರ್ಸ್' ಎಂಬ ಹೆಸರಿದ್ದರೂ ಎಲ್ಲರೂ ನರ್ಸಿಂಗ್ ಓದಿದವರಲ್ಲ, ಬಹಳ ಜನ ಸ್ವಲ್ಪ ದಿನದ ತರಬೇತಿ ಪಡೆದವರು. ಅದರಲ್ಲಿ ತಪ್ಪೇನಿಲ್ಲ, ಆದರೆ ಮರೆವಿನ ಕಾಯಿಲೆಯವರನ್ನು ನೋಡಿಕೊಂಡ ಅನುಭವ ಇದೆಯಾ ಎಂದು ಕೇಳಲೇಬೇಕು. ನಾವು ಕೇಳಲಿಲ್ಲ. ಒಂದು ತಿಂಗಳ ಮುಂಗಡ ಕಟ್ಟಿ ಕರೆಸಿದ ಹುಡುಗಿ ಅಪ್ಪ ರಾತ್ರಿ ಕೂಗಿದ್ದಕ್ಕೆ ಹೆದರಿ ಮೂರನೇ ದಿನ ಹೊರಟುಹೋದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಯಾರೂ ಏನನ್ನೂ ಹೇಳಿ ಕಳಿಸಿರಲಿಲ್ಲ. ಬದಲಿ ಜನ ಬರಲು 20 ದಿನ ಹಿಡಿಯಿತು, ಮುಂಗಡ ಪೂರ್ತಿ ವಾಪಸು ಬರಲಿಲ್ಲ. ಬದಲಿ ಜನವನ್ನು ಎಷ್ಟು ದಿನದಲ್ಲಿ ಕೊಡುತ್ತೀರಿ, ಹೋದರೆ ದುಡ್ಡಿನ ಲೆಕ್ಕ ಹೇಗೆ, ಎರಡನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.

ಊರಿನ ಜನರ ಲಾಭ ಬೇರೆ. ಅಪ್ಪ 'ಕೊನೆಗೌಡ ಬಂದ್ನಾ?' ಎಂದು ಅಡಿಕೆ ಕೊನೆ ಕೊಯ್ಯುವವನನ್ನು ಕೇಳಿದರೆ ನಮ್ಮ ರಾತ್ರಿಯವನು 'ನಾಳೆ ಬರ್ತಾನೆ ಹೆಗಡೇರೆ, ಈಗ ಮಲಗಿ' ಎನ್ನುತ್ತಾನೆ. ಅಪ್ಪ ಮಲಗುತ್ತಾನೆ. ಆ ಉತ್ತರ ಬೇರೆ ಜಿಲ್ಲೆಯಿಂದ ಬಂದವರಿಗೆ ಎಲ್ಲಿಂದ ಗೊತ್ತಾಗಬೇಕು? ಕಷ್ಟ ಏನೆಂದರೆ ಕೊನೆಕೊಯ್ಲು ಶುರುವಾದ ಮೇಲೆ ಊರಿನಲ್ಲಿ ಯಾರೂ ಸಿಗುವುದಿಲ್ಲ. ಎಲ್ಲರೂ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದರಲ್ಲಿ ಇರುತ್ತಾರೆ. ಆ ಎರಡು ತಿಂಗಳಿಗೆ ನಾವು ಮಕ್ಕಳೇ ರಜೆ ಹಂಚಿಕೊಂಡೆವು. ಬೇಸಿಗೆ ರಜೆಗಿಂತ ಆಗ ಹೋಗುವುದು ಆಯಿಗೆ ಜಾಸ್ತಿ ಉಪಯೋಗ.

ಊರಿನವರಿಗೆ ತರಬೇತಿ ಇಲ್ಲವಲ್ಲ ಎಂದು ಅಣ್ಣ ಅನುಮಾನಪಟ್ಟಿದ್ದ. ಕಾರವಾರದ ಗಡಿ ದಾಟಿದರೆ ಗೋವಾ. ಅಲ್ಲಿ 81 ಕುಟುಂಬಗಳ ಜೊತೆ ಮಾಡಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಸ್ಥಳೀಯರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಅವರು ಕಾಯಿಲೆ ಏನೆಂದು ತಿಳಿಸಿ ಹೇಳಿದರು, ಹಟ ಮಾಡಿದಾಗ ಏನು ಮಾಡಬೇಕೆಂದು ತೋರಿಸಿದರು, ನೋಡಿಕೊಳ್ಳುವವರ ಮಾತು ಕೇಳಿದರು. ಮೇಲೆ ತಜ್ಞರ ಉಸ್ತುವಾರಿ ಇತ್ತು. ನೋಡಿಕೊಳ್ಳುವವರ ಮಾನಸಿಕ ಒತ್ತಡ ಕಡಿಮೆಯಾಯಿತು. ಅಂದರೆ ಊರಿನವರಾದರೂ ಸಾಕು, ಹೇಳಿಕೊಡುವವರು ಮತ್ತು ಸಂದೇಹ ಬಂದರೆ ಕೇಳಲು ಒಬ್ಬರು ಬೇಕು. ನಮ್ಮ ರಾತ್ರಿಯವನನ್ನು ಒಂದು ದಿನ ಅಪ್ಪನ ಡಾಕ್ಟರ ಹತ್ತಿರ ಜೊತೆಗೆ ಕರೆದೊಯ್ದೆವು. ಅವನು ಕೇಳಿದ ಪ್ರಶ್ನೆಗಳು ನಾವು ಕೇಳಿದ್ದಕ್ಕಿಂತ ಚೆನ್ನಾಗಿದ್ದವು.

ನೆಂಟರ ಪಾಳಿಗೆ ದುಡ್ಡು ಬೇಡ. ಆದರೆ ನೆಂಟರು ಬಂದರೆ ಆಯಿ ತೆಳ್ಳೇವು (ತೆಳು ದೋಸೆ) ಎರೆಯಲು ನಿಲ್ಲುತ್ತಾಳೆ. ಬರುವವರು ಅಡುಗೆ ಮಾಡಿಕೊಂಡು ಬರಬೇಕು, ಇಲ್ಲ ತಾವೇ ಅಡುಗೆಮನೆಗೆ ಹೋಗಬೇಕು. ಇದನ್ನು ಬಾಯಿಬಿಟ್ಟು ಹೇಳಲು ನಮಗೆ ಒಂದು ವರ್ಷ ಹಿಡಿಯಿತು.

ಕಾರವಾರದ ಮಾವ: ಜನಕ್ಕಿಂತ ಮೊದಲು ಡಬ್ಬಿ ಮತ್ತು ಖುರ್ಚಿ

ಮಾವನಿಗೆ 79. ನಿವೃತ್ತ ಮಾಸ್ತರ. ಅತ್ತೆಗೆ ಮರೆವು ಶುರುವಾದ ಮೇಲೆ ಯಾರಿಗೂ ಹೇಳದೆ ಎರಡು ವರ್ಷ ಸಾಗಿಸಿದ. ಮನೆಗೆ ಹೋದವರಿಗೆ 'ಅವಳಿಗೆ ಸ್ವಲ್ಪ ಮೈ ಸರಿ ಇಲ್ಲ' ಎನ್ನುತ್ತಿದ್ದ. ದಿನಾ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಹಳೇ ಸ್ನೇಹಿತರ ಜೊತೆ ಅಡ್ಡಾಡುತ್ತಿದ್ದವನು ಅದನ್ನು ಬಿಟ್ಟಿದ್ದ. ಅಡುಗೆ ಬಾರದು. ಬ್ರೆಡ್ಡು, ಚಾ, ಒಮ್ಮೊಮ್ಮೆ ಗಂಜಿ. ನಾವು ನೋಡುವ ಹೊತ್ತಿಗೆ ಪ್ಯಾಂಟಿಗೆ ಬೆಲ್ಟಿನಲ್ಲಿ ಹೊಸ ತೂತು ಮಾಡಿಕೊಂಡಿದ್ದ. ಅತ್ತೆಯನ್ನು ಮಣೆಯಿಂದ ಎತ್ತಿ ಎತ್ತಿ ಹರ್ನಿಯಾ ಆಗಿತ್ತು, ಅದನ್ನೂ ಮುಚ್ಚಿಟ್ಟಿದ್ದ.

ಆಯಿಯ ಅನುಭವದಿಂದ ನಾವು ರಾತ್ರಿ ಜನದ ಮಾತೆತ್ತಿದೆವು. ಮಾವನಿಗೆ ಅದು ಬೇಕಿರಲಿಲ್ಲ, ಅತ್ತೆ ರಾತ್ರಿ ಮಲಗುತ್ತಾಳೆ. ಅವನಿಗೆ ಮೊದಲು ಬೇಕಿದ್ದದ್ದು ಊಟ. ಹತ್ತಿರದ ಖಾನಾವಳಿಯಿಂದ ಎರಡು ಹೊತ್ತಿನ ಡಬ್ಬಿ ಹೇಳಿದೆವು. ನಾಲ್ಕು ತಿಂಗಳಲ್ಲಿ ತೂಕ ಮರಳಿತು. ಹೆಂಡತಿಯನ್ನು ನೋಡಿಕೊಳ್ಳುವ ಗಂಡಸಿದ್ದರೆ, ಅದರಲ್ಲೂ ಆ ತಲೆಮಾರಿನವರಿದ್ದರೆ, ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡಿ. ಅವರು ಹಸಿದಿದ್ದೇನೆ ಎಂದು ಹೇಳುವುದಿಲ್ಲ.

ಎರಡನೆಯದು ಸಲಕರಣೆ. ಸ್ನಾನಕ್ಕೆ ಕೈ ಇರುವ ಪ್ಲಾಸ್ಟಿಕ್ ಖುರ್ಚಿ, ಗೋಡೆಗೆ ಎರಡು ಹಿಡಿಕೆ, ಕೈಯಲ್ಲಿ ಹಿಡಿಯುವ ಶವರ್, ಹಾಸಿಗೆ ಪಕ್ಕ ಕಮೋಡ್ ಖುರ್ಚಿ, ಬಾಗಿಲು ತೆರೆದರೆ ಸದ್ದು ಮಾಡುವ ಗಂಟೆ. ಎಲ್ಲ ಸೇರಿಸಿದರೂ ಹೋಂ ನರ್ಸಿನ ಒಂದು ತಿಂಗಳ ಪಗಾರಕ್ಕಿಂತ ಕಡಿಮೆ ಆಯಿತು. ಜನ ರಜೆ ಹಾಕುತ್ತಾರೆ, ಹಿಡಿಕೆ ಹಾಕುವುದಿಲ್ಲ. ಆದರೆ ಹಿಡಿಕೆಯ ಜೊತೆ ಮಾತಾಡಲು ಆಗುವುದಿಲ್ಲ. ಹಾಗಾಗಿ ಮೂರನೆಯದಾಗಿ ವಾರಕ್ಕೆ ನಾಲ್ಕು ಸಂಜೆ, ನಾಲ್ಕೂವರೆಯಿಂದ ಆರೂವರೆವರೆಗೆ, ಕೊಂಕಣಿ ಬಲ್ಲ ಒಬ್ಬ ಹೆಂಗಸನ್ನು ಅತ್ತೆಯ ಜೊತೆ ಕೂರಲು ಒಪ್ಪಿಸಿದೆವು. ಅತ್ತೆ ಈಗೀಗ ಕನ್ನಡ ಬಿಟ್ಟು ತವರಿನ ಕೊಂಕಣಿಯಲ್ಲೇ ಮಾತಾಡುತ್ತಾಳೆ. ಮಾವ ಕಡಲತೀರಕ್ಕೆ ಹೋಗುತ್ತಾನೆ. ಅಲ್ಲೇ ಒಂದು ಸಂಜೆ ಸ್ನೇಹಿತರಿಗೆ ಮೊದಲ ಸಲ ಕಾಯಿಲೆಯ ಹೆಸರು ಹೇಳಿದನಂತೆ. ಹರ್ನಿಯಾ ಆಪರೇಷನ್ ಮಾಡಿಸಿಕೋ ಎಂದು ಒತ್ತಾಯಿಸಿ ಒಪ್ಪಿಸಿದವರೂ ಅವರೇ.

ಡಾಕ್ಟರು: ಹತ್ತಿರವೋ, ದೂರವೋ, ಫೋನೋ

ನಮ್ಮ ಜಿಲ್ಲೆಯವರಿಗೆ ಇದು ಹಳೇ ಸಂಕಟ. ದೊಡ್ಡ ಕಾಯಿಲೆ ಎಂದರೆ ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ. ಮರೆವಿನ ಕಾಯಿಲೆಯವರನ್ನು ಅಷ್ಟು ದೂರ ಕರೆದೊಯ್ದರೆ ವಾಪಸು ಬಂದು ಎರಡು ದಿನ ಮಲಗುವುದು ಜೊತೆಗೆ ಹೋದವರು. ದೂರದ ಪ್ರಯಾಣ ಕಾಯಿಲೆ ಏನೆಂದು ಪತ್ತೆ ಮಾಡಲು ಒಂದೆರಡು ಸಲ ಸಾಕು. ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಘಟ್ಟದ ಮೇಲಿನವರಿಗೆ ಅನುಕೂಲ. ಮುಂದಿನ ತಪಾಸಣೆ ಹತ್ತಿರದಲ್ಲೇ ಆಗಲಿ. ಕಾರವಾರದವರಿಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ರಿಮ್ಸ್ ಇದೆ. ತಾಲೂಕು ಆಸ್ಪತ್ರೆಗಳಿಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಆ ವಾರ ಬರುತ್ತಾರಾ ಎಂದು ಕೇಳಿಕೊಳ್ಳಿ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಆಯಿಗೆ ಬೇಕಾದ ಡಾಕ್ಟರು ಮಾತ್ರ ಇನ್ನೂ ಹತ್ತಿರ ಇರಬೇಕು. ಬಿಪಿ, ಸಕ್ಕರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ, ಮಾತ್ರೆಯನ್ನೂ ಅಲ್ಲೇ ಪುಕ್ಕಟೆ ಕೊಡುತ್ತಾರೆ. ನಾವು ತಿಂಗಳ ಮೊದಲ ಸೋಮವಾರವನ್ನು ಆಯಿಯ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಅವತ್ತು ಅಪ್ಪನ ಚೀಟಿ ಜೊತೆಗೆ ಒಯ್ಯುವಂತಿಲ್ಲ. ಒಯ್ದರೆ ಪೂರ್ತಿ ಹೊತ್ತು ಅಪ್ಪನ ಬಗ್ಗೆಯೇ ಮಾತಾಡಿ ಬರುತ್ತಾಳೆ. ಬಿಪಿ, ಸಕ್ಕರೆ ಜೊತೆ ತೂಕ, ಕಣ್ಣು, ಕಿವಿ ನೋಡಿಸಿ. ಅವಳ ನೆನಪಿನ ಶಕ್ತಿಯನ್ನೂ ಒಮ್ಮೆ ನೋಡಿಸಿ. 74 ಅವಳಿಗೂ ವಯಸ್ಸೇ.

ಫೋನಿನಲ್ಲಿ ಎರಡು ನಂಬರು ಗೊತ್ತಿರಲಿ. ಎರಡೂ ಸರ್ಕಾರದ್ದು, ಪುಕ್ಕಟೆ. 14416 ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, 24 ತಾಸೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮನಸ್ಸಿಗೆ ತಡೆಯಲಾಗದಾಗ ಇದು. 14567 ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8. ಪಿಂಚಣಿ, ಕಾನೂನು, ಯಾವ ಕಚೇರಿಗೆ ಹೋಗಬೇಕು ಎಂಬಂಥದಕ್ಕೆ ಇದು.

ನೋಡಿಕೊಳ್ಳುವವರು 'ಇಬ್ಬರೂ ಒಟ್ಟಿಗೆ ಹೋದ್ರೆ ಸಾಕು' ಎಂದರೆ ಅದನ್ನು ಬೇಸರದ ಮಾತು ಎಂದು ಬಿಡಬೇಡಿ. ಊಟ ಬಿಟ್ಟರೆ, ಸಣ್ಣದಕ್ಕೂ ಅಳು ಬಂದರೆ, ಸಿಟ್ಟಿನಲ್ಲಿ ಕೈ ಎತ್ತಿದ್ದೇನೆ ಎಂದು ಒಪ್ಪಿಕೊಂಡರೆ ಕೂಡ. ಬೈಯಬೇಡಿ. ಅವತ್ತೇ 14416ಕ್ಕೆ ಫೋನ್ ಮಾಡಿ, ಆ ವಾರದೊಳಗೆ ಡಾಕ್ಟರಿಗೆ ತೋರಿಸಿ, ಯಾರಾದರೂ ಹೋಗಿ ಜೊತೆಗಿರಿ.

ಬೆಂಗಳೂರಿಗೆ ಕರೆದೊಯ್ಯುವುದೋ

ಅಣ್ಣನ ಮನೆಗೆ ಕರೆದೊಯ್ದು 40 ದಿನ ಇಟ್ಟುಕೊಂಡೆವು. ಆಸ್ಪತ್ರೆ ಹತ್ತಿರ, ಡಾಕ್ಟರು ಮನೆಗೇ ಬರುತ್ತಾರೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನಂಥ ಸಂಸ್ಥೆಗಳು ಮರೆವಿನ ಕಾಯಿಲೆಯವರಿಗೆಂದೇ ಕೇಂದ್ರ ನಡೆಸುತ್ತವೆ. ನಮ್ಮ ಕಡೆ ಹುಡುಕಿದಾಗ ಅಂಥದ್ದು ನಮಗೆ ಸಿಗಲಿಲ್ಲ. ಆದರೆ ಅಪ್ಪ ಆರನೇ ಮಹಡಿಯಲ್ಲಿ ದಿನಾ ಅಂಗಳ ಹುಡುಕುತ್ತಿದ್ದ. ಆಯಿಗೆ ಬೆಳಿಗ್ಗೆ ಬೇಲಿ ಆಚೆಯಿಂದ ಮಾತಾಡಿಸುವವರು ಯಾರೂ ಇರಲಿಲ್ಲ. ಊರಿನಲ್ಲಿ ಹತ್ತು ಜನ ಒಂದೊಂದು ಗಳಿಗೆ ಅಪ್ಪನನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು, ಅದೇ ಅವಳಿಗೆ ಬಿಡುವಾಗಿತ್ತು. ಅದು ಬಿಡುವು ಎಂದು ನಮಗೆ ಗೊತ್ತಾದದ್ದು ಇಲ್ಲದಾಗ. ಕಾಯಿಲೆಯ ಶುರುವಿನಲ್ಲೇ ಹೋದರೆ ಹೊಸ ಜಾಗ ಸ್ವಲ್ಪವಾದರೂ ರೂಢಿಯಾಗಬಹುದು. ತಡವಾಗಿ ಹೋದರೆ ಆ ಕಷ್ಟವೂ ನೋಡಿಕೊಳ್ಳುವವರ ಹೆಗಲಿಗೇ ಬೀಳುತ್ತದೆ. ನಾವು ವಾಪಸು ಬಂದೆವು.

ಕೇಂದ್ರದಲ್ಲಿ ಸ್ವಲ್ಪ ದಿನ ಬಿಡುವುದು ಬೇರೆ ಮಾತು. ನೋಡಿಕೊಳ್ಳುವವರಿಗೆ ಆಪರೇಷನ್ ಇದ್ದರೆ ಎರಡು ಮೂರು ವಾರ ಬಿಟ್ಟರೆ ಕೈಬಿಟ್ಟ ಹಾಗಲ್ಲ. ಮಾವನ ಹರ್ನಿಯಾ ಸಮಯದಲ್ಲಿ ಅತ್ತೆಯನ್ನು ಹಾಗೆ ಬಿಟ್ಟಿದ್ದೆವು. ನೆಂಟರು ಮಾತಾಡಿಕೊಂಡರು. ಮಾವ ಈಗ ಆರೋಗ್ಯವಾಗಿದ್ದಾನೆ, ಅತ್ತೆ ಮನೆಯಲ್ಲಿದ್ದಾಳೆ.

ದುಡ್ಡು ಖರ್ಚಿಲ್ಲದ ಆಯ್ಕೆ

ನ್ಯೂಯಾರ್ಕಿನಲ್ಲಿ ಮೇರಿ ಮಿಟೆಲ್‌ಮನ್ ತಂಡ 406 ಜನ ಗಂಡ ಹೆಂಡಿರ ಜೊತೆ ಕೆಲಸ ಮಾಡಿತ್ತು. ಎಲ್ಲರೂ ಅಲ್ಝೈಮರ್ ಇರುವ ಸಂಗಾತಿಯನ್ನು ನೋಡಿಕೊಳ್ಳುವವರು. ಅರ್ಧದಷ್ಟು ಜನರಿಗೆ ಎರಡು ಸಲ ಒಬ್ಬರನ್ನೇ ಕೂರಿಸಿ, ನಾಲ್ಕು ಸಲ ಇಡೀ ಕುಟುಂಬವನ್ನು ಕೂರಿಸಿ ಮಾತಾಡಿಸಿದರು. ಆಮೇಲೆ ಬೇಕಾದಾಗ ಫೋನ್ ಮಾಡಬಹುದಿತ್ತು, ತಮ್ಮಂಥವರ ಗುಂಪು ಸೇರಬಹುದಿತ್ತು. 2006ರಲ್ಲಿ ಬಂದ ಫಲಿತಾಂಶದಂತೆ ಆ ಮನೆಗಳವರು ಸಂಗಾತಿಯನ್ನು ನರ್ಸಿಂಗ್ ಹೋಮಿಗೆ ಸೇರಿಸಬೇಕಾದ ದಿನ ಸುಮಾರು 557 ದಿನ ಮುಂದೆ ಹೋಯಿತು. ಮಾತುಕತೆಯಿಂದ ಒಂದೂವರೆ ವರ್ಷ.

ನಮಗೆ ಸಲಹೆಗಾರರು ಸಿಗಲಿಲ್ಲ. ಜಗಲಿಯಲ್ಲಿ ಮೂವರು ಮಕ್ಕಳು, ಸೊಸೆಯಂದಿರು ಕೂತೆವು. ಮೊದಲ ಸಲ ಬರೀ ಜಗಳ, ಯಾರು ಎಷ್ಟು ಕೊಡುತ್ತೀರಿ ಎಂದು. ಎರಡನೇ ಸಲ ಅತ್ತಿಗೆ ಆಯಿಯನ್ನು ಕೇಳಿದಳು, 'ನಿಮಗೆ ಎಂತ ಬೇಕು?' ಆಯಿ ಬಹಳ ಹೊತ್ತು ಸೆರಗಿನ ಅಂಚು ಮಡಚುತ್ತ ಕೂತಿದ್ದಳು. ಆಮೇಲೆ ಹೇಳಿದಳು. ತಿಂಗಳಿಗೊಂದು ತಾಳಮದ್ದಳೆ ಕೇಳಬೇಕು, ಪೂರ್ತಿ, ಮಧ್ಯೆ ಎದ್ದು ಬರದೆ. ವರ್ಷಕ್ಕೆ ಎರಡು ಸಲ ಸಿದ್ದಾಪುರದ ತಂಗಿಯ ಮನೆಯಲ್ಲಿ ಉಳಿಯಬೇಕು. ನಾವು ಹೋಂ ನರ್ಸಿಗೆ ಎಷ್ಟು, ಗೀಸರಿಗೆ ಎಷ್ಟು ಎಂದು ಲೆಕ್ಕ ಹಾಕಿದ್ದ ಹಾಳೆಯಲ್ಲಿ ಈ ಎರಡೂ ಇರಲಿಲ್ಲ.

ಬ್ಯಾಂಕಿನ ಓಡಾಟವನ್ನೂ ಇಳಿಸಿ. 70 ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೇಳಿ ಪಡೆಯಬೇಕು.

ಕೊನೆಗೆ ಒಂದು ಹಾಳೆ. ಆಯಿಯೇ ಜ್ವರ ಬಂದು ಮಲಗಿದರೆ, ಬಿದ್ದರೆ, ಆಸ್ಪತ್ರೆ ಸೇರಿದರೆ ಮೊದಲ ದಿನ ಅಪ್ಪನ ಹತ್ತಿರ ಯಾರು? ಇದನ್ನು ಬರೆದಿಡದ ಮನೆಯಲ್ಲಿ ನೋಡಿಕೊಳ್ಳುವವರು ಎದೆನೋವು ಬಂದರೂ ಹೇಳುವುದಿಲ್ಲ. ನಮ್ಮ ಹಾಳೆ ಫ್ರಿಜ್ಜಿನ ಮೇಲಿದೆ. ಮೊದಲು ಫೋನ್ ಮಾಡಬೇಕಾದವರು ಮೂವರು, ಅವರಲ್ಲಿ ಇಬ್ಬರು ನಡೆದು ಬರುವಷ್ಟು ಹತ್ತಿರದವರು. ಇಬ್ಬರ ಮಾತ್ರೆಗಳ ಪಟ್ಟಿ. ಅಪ್ಪ ಯಾವ ಮಾತಿಗೆ ಹೆದರುತ್ತಾನೆ, ಯಾವ ಮಾತಿಗೆ ಸಮಾಧಾನವಾಗುತ್ತಾನೆ. ಕೊನೆಯ ಸಾಲು ಆಯಿ ಬರೆಸಿದ್ದು: ಇವರಿಗೆ ಮಲಗುವಾಗ ಕಂಬಳಿ ಕಾಲಿಗೆ ಮಾತ್ರ ಹೊದೆಸಿ, ಎದೆವರೆಗೆ ಎಳೆದರೆ ಏಳುತ್ತಾರೆ.